ಬಾವಲಿಯ ಅಂಜಿಕೆ: ಬ್ಯಾಟ್‌ಮ್ಯಾನ್‌ಗೆ ಒಲಿದದ್ದು ನನಗ್ಯಾಕೆ ಒಲಿಯಲ್ಲ?

ಪ್ರಶ್ನೆ: ನಾನು ಬೀದರಿನವಳು. ವಯಸ್ಸು 33, ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಸಣ್ಣವಳಿದ್ದಾಗಿನಿಂದ ಬಾವಲಿ ಅಂದರೆ ವಿಪರೀತ ಅಂಜಿಕೆ. ಫೋಟೊ ಕಂಡರೂ ಮೈ ತಣ್ಣಗಾಗುತ್ತದೆ. ಸಂಜೆ ಆದಮೇಲೆ ಮಾಳಿಗೆಯಿಂದ ಒಣಗಿದ ಬಟ್ಟೆ ತರಲೂ ಹೋಗುವುದಿಲ್ಲ. ಮೊಮ್ಮಗ ಹುಟ್ಟಿದರೆ ಝರಣಿ ನರಸಿಂಹನ ದರ್ಶನ ಮಾಡಿಸುತ್ತೇವೆ ಅಂತ ನಮ್ಮ ಅತ್ತೆ ಹರಕೆ ಹೊತ್ತಿದ್ದರು. ಮಗನಿಗೆ ಈಗ ಎರಡು ವರ್ಷ. ಆ ದೇವರಿರುವುದು ಬಾವಲಿಗಳಿರುವ ಗುಹೆಯೊಳಗೆ. ಎರಡು ಸಲ ಗುಹೆಯ ಬಾಗಿಲವರೆಗೆ ಹೋಗಿ ಅಳುತ್ತಾ ವಾಪಸ್ ಬಂದಿದ್ದೇನೆ. ನಮ್ಮ ಯಜಮಾನರು 'ಕಣ್ಣು ಮುಚ್ಚಿಕೊಂಡು ನಡೆದುಬಿಡು' ಅನ್ನುತ್ತಾರೆ. ಆರನೇ ಕ್ಲಾಸಿನ ನನ್ನ ಅಣ್ಣನ ಮಗ ಬ್ಯಾಟ್‌ಮ್ಯಾನ್ ಸಿನಿಮಾ ತೋರಿಸಿ, 'ಅತ್ತಿ, ಅವಗೂ ಬಾವಲಿ ಅಂದ್ರ ಅಂಜಿಕಿ ಇತ್ತು. ಆದ್ರ ಅವುಗಳ ನಡುವ ನಿಂತು ಗೆದ್ದ. ನಿನಗ ಯಾಕ ಆಗಲ್ಲ?' ಅಂದ. ಅವತ್ತಿನಿಂದ ಅದೇ ತಲೆಯಲ್ಲಿ ಕೊರೆಯುತ್ತಿದೆ. ಅದೇ ಪ್ರಾಣಿ, ಅದೇ ಭಯ. ಅವನಿಗೆ ಅದು ಶಕ್ತಿಯಾಯಿತು, ನನಗೆ ನಾಚಿಕೆಗೇಡಾಯಿತು. ನನ್ನ ಭಯದ ಹಿಂದೆಯೂ ನಾನು ಮರೆತ ಏನೋ ಒಂದು ಘಟನೆ ಇರಬಹುದಾ? ಅದನ್ನು ಹುಡುಕಿದರೆ ವಾಸಿಯಾಗುತ್ತದಾ?

ಉತ್ತರ: ನಿಮ್ಮ ಅಣ್ಣನ ಮಗನಿಂದಲೇ ಶುರು ಮಾಡೋಣ. ಹುಡುಗ ಒಳ್ಳೆ ವಾದ ಹೂಡಿದ್ದಾನೆ. ಆದರೆ ಅವನಿಗೆ ಒಂದು ವಿಷಯ ಗೊತ್ತಿರಲಿಕ್ಕಿಲ್ಲ. ಬ್ಯಾಟ್‌ಮ್ಯಾನ್ ಹುಟ್ಟಿದಾಗ ಅವನಿಗೆ ಬಾವಲಿಯ ಭಯ ಇರಲೇ ಇಲ್ಲ.

ಬ್ಯಾಟ್‌ಮ್ಯಾನ್ ಮೊದಲು ಅಚ್ಚಾದದ್ದು 1939ರಲ್ಲಿ, ಅಮೆರಿಕದ ಒಂದು ಕಾಮಿಕ್ಸ್ ಪುಸ್ತಕದಲ್ಲಿ. ಅದೇ ವರ್ಷದ ಕೊನೆಗೆ ಅವನ ಹಿಂದಿನ ಕಥೆ ಬಂತು. ಸಣ್ಣವನಿದ್ದಾಗ ಅಪ್ಪ ಅಮ್ಮ ಕಣ್ಣೆದುರಿಗೇ ದರೋಡೆಕೋರನ ಗುಂಡಿಗೆ ಸಾಯುತ್ತಾರೆ. ದೊಡ್ಡವನಾದ ಮೇಲೆ ಕಳ್ಳಕಾಕರನ್ನು ಹೆದರಿಸಲು ಯಾವ ವೇಷ ಹಾಕಲಿ ಅಂತ ಯೋಚಿಸುತ್ತಾ ಕೂತಿರುತ್ತಾನೆ. ಕಿಟಕಿಯಿಂದ ಒಂದು ಬಾವಲಿ ಹಾರಿ ಬರುತ್ತದೆ. ಇದೇ ಶಕುನ ಅಂದುಕೊಂಡು ಬಾವಲಿ ವೇಷ ಹಾಕುತ್ತಾನೆ. ಅಷ್ಟೇ ಕಥೆ.

ಭಯವನ್ನು ಸೇರಿಸಿದವರು ಆಮೇಲಿನ ಕಥೆಗಾರರು. ನಿಮ್ಮ ಹುಡುಗ ತೋರಿಸಿದ್ದು 2005ರ ಸಿನಿಮಾ ಇರಬೇಕು. ಅದರಲ್ಲಿ ಹುಡುಗ ಹಾಳು ಬಾವಿಗೆ ಬೀಳುತ್ತಾನೆ, ಬಾವಲಿಗಳ ಹಿಂಡು ಮೈಮೇಲೆ ಬರುತ್ತದೆ. ಮುಂದೆ ಒಂದು ದಿನ ನಾಟಕ ನೋಡುವಾಗ ರಂಗದ ಮೇಲೆ ಬಾವಲಿಯಂಥ ವೇಷ ಕಂಡು ಬೆದರಿ, ಹೊರಗೆ ಹೋಗೋಣ ಅಂತ ಅಪ್ಪನಿಗೆ ಹೇಳುತ್ತಾನೆ. ಹೊರಗಿನ ಗಲ್ಲಿಯಲ್ಲೇ ಕೊಲೆ ಆಗುತ್ತದೆ. ಈಗ ಬಾವಲಿ ಬರೀ ಬಾವಲಿಯಾಗಿ ಉಳಿಯಲಿಲ್ಲ ನೋಡಿ. 'ನಾನು ಹೆದರಿದ್ದಕ್ಕೇ ಅಪ್ಪ ಅಮ್ಮ ಸತ್ತರು' ಅನ್ನುವ ತಪ್ಪಿನ ಭಾರ ಅದರ ರೆಕ್ಕೆಗೆ ಕಟ್ಟಿಕೊಂಡಿತು. ಅವನ ಎಲ್ಲಕ್ಕಿಂತ ಆಳದ ಭಯ ಆ ತಪ್ಪಿನದು. ಬಾವಲಿ ಅದಕ್ಕೆ ಹಾಕಿದ ಮುಖವಾಡ.

ಕಥೆ ಕಟ್ಟುವವರು ಮಾಡಬೇಕಾದ್ದೇ ಇದು. 'ಬಾವಲಿಯೇ ಯಾಕೆ?' ಅಂತ ಓದುಗ ಕೇಳುತ್ತಾನೆ, ಅದಕ್ಕೆ ಉತ್ತರ ಬೇಕು. ಆದ್ದರಿಂದ ಕಥೆಯಲ್ಲಿ ಬರುವ ಭಯಕ್ಕೆ ಒಂದು ಅರ್ಥ ಇರಲೇಬೇಕು. ಅದು ಎಲ್ಲಿ ಹುಟ್ಟಿತು, ಯಾವಾಗ ಮುರಿಯಿತು ಅನ್ನುವುದು ಪ್ರೇಕ್ಷಕನಿಗೆ ಕಾಣಬೇಕು. ನಿಮ್ಮ ಭಯಕ್ಕೆ ಅಂಥ ಜವಾಬ್ದಾರಿ ಇಲ್ಲ. ಅದು ಯಾರನ್ನೂ ಕೇಳದೆ ಬೆಳೆದ ಜಾಲಿ ಗಿಡ ಇದ್ದ ಹಾಗೆ. ಯಾರು ಬಿತ್ತಿದರು ಅಂತ ವಿಚಾರಿಸುತ್ತಾ ಕೂತರೆ ಬೇರು ಇನ್ನಷ್ಟು ಇಳಿಯುತ್ತದೆ.

ಈ ವಿಚಾರಿಸುವ ಚಟ ನಮ್ಮ ಮನಶ್ಶಾಸ್ತ್ರಕ್ಕೂ ಇತ್ತು. 1909ರಲ್ಲಿ ವಿಯೆನ್ನಾದ ಮನೋವೈದ್ಯ ಫ್ರಾಯ್ಡ್ ಐದು ವರ್ಷದ ಒಬ್ಬ ಹುಡುಗನ ಬಗ್ಗೆ ಬರೆದ. ಹುಡುಗನಿಗೆ ಕುದುರೆ ಅಂದರೆ ಭಯ. ಬಂಡಿ ಎಳೆಯುತ್ತಿದ್ದ ಕುದುರೆ ಬೀದಿಯಲ್ಲಿ ಕುಸಿದು ಬಿದ್ದದ್ದನ್ನು ನೋಡಿದೆ, ಆಗಿನಿಂದ ಶುರುವಾಯಿತು ಅಂತ ಆ ಹುಡುಗನೇ ಹೇಳಿದ್ದ. ಫ್ರಾಯ್ಡ್‌ಗೆ ಅಷ್ಟು ಸಾಕಾಗಲಿಲ್ಲ. ಕುದುರೆ ಅಂದರೆ ಅಪ್ಪ, ಹುಡುಗ ಹೆದರುವುದು ಅಪ್ಪನಿಗೆ ಅಂತ ಬಿಡಿಸಿ ಹೇಳಿದ. ಓದಲು ಚೆನ್ನಾಗಿದೆ. ನನ್ನನ್ನು ಕೇಳಿದರೆ ಹುಡುಗ ಹೇಳಿದ್ದೇ ಸರಿ.

ಹಾಗಾದರೆ ನೆನಪೇ ಇಲ್ಲದ ಭಯ ಎಲ್ಲಿಂದ ಬರುತ್ತದೆ? 1980ರ ದಶಕದಲ್ಲಿ ಅಮೆರಿಕದಲ್ಲಿ ಕೋತಿಗಳ ಮೇಲೆ ಕೆಲವು ಪ್ರಯೋಗ ನಡೆದವು. ಪ್ರಯೋಗಾಲಯದಲ್ಲೇ ಬೆಳೆದ ಕೋತಿಗಳಿಗೆ ಹಾವಿನ ಭಯ ಇರಲಿಲ್ಲ. ಕಾಡಿನಲ್ಲಿ ಹುಟ್ಟಿದ ಕೋತಿ ಹಾವಿಗೆ ಬೆದರುವುದನ್ನು ನೋಡಿದ್ದೇ ತಡ, ಇವೂ ಬೆದರಲು ಕಲಿತವು. ಅವನ್ನು ಹಾವು ಕಚ್ಚಿರಲಿಲ್ಲ, ಮುಟ್ಟಿಯೂ ಇರಲಿಲ್ಲ. ಆಮೇಲೆ ಒಂದು ಕಿಲಾಡಿ ಕೆಲಸ ಮಾಡಿದರು. ವಿಡಿಯೊ ಕತ್ತರಿಸಿ ಜೋಡಿಸಿ, ಕೋತಿ ಹೂವಿಗೆ ಬೆದರುವ ಹಾಗೆ ತೋರಿಸಿದರು. ಹೂವಿನ ಭಯ ಯಾವ ಕೋತಿಗೂ ಹತ್ತಲಿಲ್ಲ. ಅಂದರೆ ಕೆಲವು ಪ್ರಾಣಿಗಳ ಭಯ ಕಲಿಯಲು ಮೈ ಮೊದಲೇ ತಯಾರಿರುತ್ತದೆ. ಬೇರೆಯವರ ಮುಖದ ಮೇಲಿನ ಗಾಬರಿ ಒಂದು ಸಲ ಕಂಡರೂ ಸಾಕು.

ಬಾವಲಿ ಕೂದಲಿಗೆ ಸಿಕ್ಕಿಕೊಂಡರೆ ತಲೆ ಬೋಳಿಸಬೇಕಾಗುತ್ತೆ ಅಂತ ನಿಮ್ಮ ಮನೆಯಲ್ಲೂ ಯಾರಾದರೂ ಹೇಳಿರಬಹುದು. ನನಗಂತೂ ನಮ್ಮ ಅಜ್ಜಿ ಹೇಳಿದ್ದರು. ಯಾವುದೋ ಒಂದು ಸಂಜೆ ಮನೆಯ ಹಿರಿಯರು ಸೆರಗು ತಲೆಗೆ ಎಳೆದುಕೊಂಡು ಒಳಗೆ ಓಡಿರಬಹುದು. ಮೂರು ವರ್ಷದ ಮಗುವಿಗೆ ಅಷ್ಟೇ ಪಾಠ. ಅದು ಘಟನೆಯೂ ಅಲ್ಲ, ಆದ್ದರಿಂದ ನೆನಪಿಗೂ ಇಲ್ಲ. ಅದನ್ನು ಹುಡುಕಿ ತೆಗೆದರೂ ಕೈಗೆ ಏನೂ ಸಿಗುವುದಿಲ್ಲ. ಭಯ ಹುಟ್ಟಿದ ಕಾರಣ ಬೇರೆ, ಮೂವತ್ತು ವರ್ಷ ಅದು ಉಳಿದ ಕಾರಣ ಬೇರೆ. ನಮಗೆ ಕೆಲಸ ಇರುವುದು ಎರಡನೆಯದರ ಹತ್ತಿರ.

ಅಲ್ಲಿ ನಿಮಗೆ ಸರಿಯಾದ ಜೋಡಿ ಬ್ಯಾಟ್‌ಮ್ಯಾನ್ ಅಲ್ಲ. ಕೋಪ ಮಾಡಿಕೊಳ್ಳಬೇಡಿ, ನಿಮ್ಮ ಜೋಡಿ ಹಿರಣ್ಯಕಶಿಪು.

ಅವನ ವರಗಳನ್ನು ಒಂದು ಸಲ ನೆನಪು ಮಾಡಿಕೊಳ್ಳಿ. ಹಗಲಲ್ಲಿ ಸಾವು ಬರಬಾರದು, ರಾತ್ರಿಯೂ ಬರಬಾರದು. ಒಳಗೂ ಬೇಡ, ಹೊರಗೂ ಬೇಡ. ಮನುಷ್ಯನಿಂದಲೂ ಬೇಡ, ಮೃಗದಿಂದಲೂ ಬೇಡ. ನೆಲವೂ ಬೇಡ, ಆಕಾಶವೂ ಬೇಡ. ನಾವು ಇದನ್ನು ಅಹಂಕಾರದ ಕಥೆ ಅಂತ ಮಕ್ಕಳಿಗೆ ಹೇಳುತ್ತೇವೆ. ನಾನು ಅದನ್ನು ಓದಿದಾಗೆಲ್ಲ ನನಗೆ ಕಾಣುವುದು ಹೆದರಿದ ಮನುಷ್ಯನ ಪಟ್ಟಿ. ತಮ್ಮ ಹಿರಣ್ಯಾಕ್ಷ ಸತ್ತ ಮೇಲೆ ಕೂತು ಒಂದೊಂದೇ ಬಾಗಿಲಿಗೆ ಚಿಲಕ ಹಾಕಿದ್ದಾನೆ. ಪಟ್ಟಿ ಉದ್ದವಾದಷ್ಟೂ ಅವನಿಗೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ, ಐದು ವರ್ಷದ ಮಗ ದೇವರ ಹೆಸರು ಹೇಳಿದರೂ ಸಹಿಸಲು ಆಗದ ಸ್ಥಿತಿಗೆ ಬಂದ.

ನಿಮ್ಮ ಪಟ್ಟಿಯನ್ನೂ ಬರೆಯಿರಿ. ಆರು ಗಂಟೆ ಆದಮೇಲೆ ಮಾಳಿಗೆ ಬೇಡ. ಫೋಟೊ ಬೇಡ. ಹುಣಸೆ ಮರದ ದಾರಿ ಬೇಡ. ಕಿಟಕಿ ತೆರೆಯುವುದು ಬೇಡ. ಒಂದೊಂದು 'ಬೇಡ'ಕ್ಕೂ ಕೂಡಲೇ ಜೀವ ಹಗುರ ಆಗುತ್ತದೆ, ಅಲ್ವಾ? ಆ ಹಗುರವೇ ತೊಂದರೆ. ತಪ್ಪಿಸಿಕೊಂಡೆ, ಅದಕ್ಕೇ ಉಳಿದೆ ಅಂತ ಮೆದುಳು ಬರೆದುಕೊಳ್ಳುತ್ತದೆ. ತಪ್ಪಿಸಿಕೊಳ್ಳದೆ ಇದ್ದಿದ್ದರೂ ಉಳಿಯುತ್ತಿದ್ದೆ ಅಂತ ತಿಳಿಯುವ ಅವಕಾಶವೇ ಅದಕ್ಕೆ ಸಿಗುವುದಿಲ್ಲ. ಭಯಕ್ಕೆ ಮೂವತ್ತು ವರ್ಷ ಊಟ ಹಾಕಿದ್ದು ಇದು.

ನರಸಿಂಹ ಬಂದದ್ದು ಪಟ್ಟಿಯ ಸಂದಿಯಿಂದ. ಮುಸ್ಸಂಜೆ, ಹೊಸ್ತಿಲ ಮೇಲೆ, ಮನುಷ್ಯನೂ ಅಲ್ಲದ ಮೃಗವೂ ಅಲ್ಲದ ರೂಪದಲ್ಲಿ. ನೋಡಿ, ಬಾವಲಿಯೂ ಹಾಗೇ. ಮುಸ್ಸಂಜೆಗೆ ಹೊರಡುತ್ತದೆ, ಹಕ್ಕಿಯೂ ಅಲ್ಲ ಇಲಿಯೂ ಅಲ್ಲ ಅನ್ನಿಸುತ್ತದೆ. ನೀವು ಹರಕೆ ತೀರಿಸಬೇಕಾದ ದೇವರ ಮನೆಯಲ್ಲೇ ಅದು ಬಾಡಿಗೆ ಇಲ್ಲದೆ ಇದೆ. ಇದಕ್ಕೆ ಗೂಢಾರ್ಥ ಹುಡುಕಬೇಡಿ ಅಂತ ಈಗಷ್ಟೇ ಹೇಳಿದವನು ನಾನೇ. ಆದರೂ ಸುಮ್ನೆ ಇರಲಾಗಲಿಲ್ಲ.

ಈಗ ಆ ಗುಹೆಯ ವಿಷಯ. ನಾನೂ ಆ ನೀರಲ್ಲಿ ನಡೆದವನು. ಬೇರೆ ಜಿಲ್ಲೆಯ ಓದುಗರಿಗಾಗಿ ಹೇಳುತ್ತೇನೆ: ದೇವರು ಸುಮಾರು 300 ಮೀಟರ್ ಉದ್ದದ ಸುರಂಗದ ಆ ತುದಿಯಲ್ಲಿದ್ದಾನೆ. ದಾರಿಯುದ್ದಕ್ಕೂ ಸೊಂಟದಿಂದ ಎದೆಮಟ್ಟದವರೆಗೆ ನೀರು. ನರಸಿಂಹ ಇಲ್ಲಿ ಒಬ್ಬ ಅಸುರನನ್ನು ಕೊಂದ, ಅವನೇ ನೀರಾಗಿ ದೇವರ ಪಾದದ ಬಳಿ ಹರಿಯುತ್ತಿದ್ದಾನೆ ಅನ್ನುವುದು ಸ್ಥಳದ ಕಥೆ. ತಂದೆಯರು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು 'ಗೋವಿಂದಾ' ಅನ್ನುತ್ತಾ ನಡೆಯುತ್ತಾರೆ. ಚಾವಣಿಯಲ್ಲಿ ಬಾವಲಿಗಳು ನೇತಾಡುತ್ತಿರುತ್ತವೆ.

ಇಲ್ಲಿ ಒಂದು ಮುಖ್ಯ ಪ್ರಶ್ನೆ ಇದೆ. ಕಣ್ಣು ಮುಚ್ಚಿ ಅದೇ ಸುರಂಗವನ್ನು ಬಾವಲಿ ಒಂದೂ ಇಲ್ಲದೆ ನೆನೆಸಿಕೊಳ್ಳಿ. ಅದೇ ನೀರು, ಅದೇ ಕತ್ತಲು, ಹಿಂದೆ ಮುಂದೆ ಜನ. ಹೋಗಬಲ್ಲಿರಾ? 'ಹೋಗ್ತೀನಿ, ಏನಾಯ್ತು' ಅಂತ ಮನಸ್ಸು ಹೇಳಿದರೆ ನಿಮ್ಮದು ಬಾವಲಿಯ ಭಯವೇ. ಆಗಲೂ ಎದೆ ಬಿಗಿದರೆ ಸ್ವಲ್ಪ ಯೋಚಿಸಬೇಕು. ಲಿಫ್ಟಿನಲ್ಲಿ ಹೇಗಿರುತ್ತೀರಿ, ಜಾತ್ರೆಯ ಗದ್ದಲದಲ್ಲಿ ಹೇಗಿರುತ್ತೀರಿ? ಅಲ್ಲೂ ಉಸಿರು ಸಿಕ್ಕಿಕೊಂಡ ಹಾಗಾದರೆ ಮುಚ್ಚಿದ ಜಾಗದ ಭಯ ಸೇರಿಕೊಂಡಿದೆ. ಅದಕ್ಕೆ ಬೇರೆ ಮೆಟ್ಟಿಲು ಬೇಕು. ಇನ್ನೊಂದು ಮಾತು: ಅಷ್ಟು ಜನ ಸೇರಿದ ತೇವದ ಸುರಂಗದಲ್ಲಿ ಎಂಥವರಿಗೂ ಸೆಕೆ, ಉಬ್ಬಸ ಆಗುತ್ತದೆ. ಅದನ್ನು ಬಾವಲಿಯ ಲೆಕ್ಕಕ್ಕೆ ಬರೆಯಬೇಡಿ. ಆಸ್ತಮಾ ಅಥವಾ ಹೃದಯದ ತೊಂದರೆ ಇದ್ದವರು ಮೊದಲು ಡಾಕ್ಟರನ್ನು ಕೇಳಿಯೇ ಇಳಿಯಬೇಕು.

ನಿಮ್ಮ ಯಜಮಾನರ ಸಲಹೆಗೆ ಬರೋಣ. ಪ್ರೀತಿಯಿಂದಲೇ ಹೇಳಿದ್ದಾರೆ, ಆದರೆ ಬೇಡ. ಕಣ್ಣು ಮುಚ್ಚಿ ನಡೆದರೆ ಬಾವಲಿಯನ್ನು ನೋಡಿದ ಹಾಗಾಗುವುದಿಲ್ಲ. ಹೊರಗೆ ಬಂದ ಮೇಲೆ 'ಕಣ್ಣು ಮುಚ್ಚಿದ್ದಕ್ಕೇ ಬದುಕಿದೆ' ಅನ್ನುವ ಹೊಸ ಸಾಲು ಪಟ್ಟಿಗೆ ಸೇರುತ್ತದೆ. ಸಿನಿಮಾದ ನಾಯಕ ಒಂದೇ ಏಟಿಗೆ ಬಾವಲಿಗಳ ಸುಳಿಯ ನಡುವೆ ಎದ್ದು ನಿಲ್ಲುತ್ತಾನೆ. ನೋಡಲು ರೋಮಾಂಚನ. ನಿಜ ಜೀವನದಲ್ಲಿ ಅದು ಕೆಲಸ ಮಾಡಬೇಕಾದರೆ ಭಯ ಇಳಿಯುವವರೆಗೆ ಅಲ್ಲೇ ನಿಲ್ಲಬೇಕು. ಭಯ ನೆತ್ತಿಗೇರಿದಾಗ ಓಡಿದರೆ ಮುಂದಿನ ಸಲ ದುಪ್ಪಟ್ಟಾಗುತ್ತದೆ. ನಿಮಗೆ ಬಾಗಿಲಲ್ಲಿ ಎರಡು ಸಲ ಆದದ್ದು ಇದೇ. ಇನ್ನು ಎದೆಮಟ್ಟದ ನೀರಿನಲ್ಲಿ, ಮಗು ಹೆಗಲ ಮೇಲಿರುವಾಗ, ಹಿಂದೆ ನೂರು ಜನ ಇರುವಾಗ ಗಾಬರಿಯಾಗಿ ತಿರುಗಿದರೆ? ಅದನ್ನು ನಾನು ಹೇಳಬೇಕಿಲ್ಲ.

ಒಂದೇ ಏಟಿನ ಬದಲು ಏನು ಮಾಡಬೇಕು ಅನ್ನುವುದಕ್ಕೆ ನಮ್ಮಲ್ಲೇ ಇನ್ನೊಬ್ಬ ಅಂಜುಬುರುಕ ಇದ್ದಾನೆ. 'ಉತ್ತರನ ಪೌರುಷ ಒಲೆ ಮುಂದೆ' ಅಂತ ಇವತ್ತಿಗೂ ಅವನನ್ನು ಆಡಿಕೊಳ್ಳುತ್ತೇವೆ. ಹೆಂಗಸರ ಮುಂದೆ ಜಂಬ ಕೊಚ್ಚಿ ಹೊರಟವನು ಕೌರವರ ಸೇನೆ ಕಂಡದ್ದೇ ರಥದಿಂದ ಹಾರಿ ಓಡುತ್ತಾನೆ. ಸಾರಥಿಯಾಗಿದ್ದ ಬೃಹನ್ನಳೆ ಬೆನ್ನಟ್ಟಿ ಹಿಡಿದು ತರುತ್ತಾನೆ. ಈ ಹಿಡಿದು ಎಳೆಯುವ ಭಾಗ ನಿಮ್ಮ ಯಜಮಾನರಿಗೆ ಓದಿ ಹೇಳಬೇಡಿ. ಅದರ ಮುಂದಿನದು ನೋಡಿ. ಅರ್ಜುನ ಅವನನ್ನು ನೇರ ಯುದ್ಧಕ್ಕೆ ತಳ್ಳುವುದಿಲ್ಲ. ಮೊದಲು ಬನ್ನಿ ಮರದ ಹತ್ತಿರ ಕರೆದೊಯ್ದು, 'ಹತ್ತಿ ಆ ಗಂಟು ಇಳಿಸು' ಅನ್ನುತ್ತಾನೆ. ಅದು ಹೆಣ ಅಂತ ಊರೆಲ್ಲ ಸುದ್ದಿ, ಉತ್ತರನಿಗೆ ಅದಕ್ಕೂ ಹಿಂಜರಿಕೆ. ಹೆಣ ಅಲ್ಲ, ಆಯುಧ ಅಂತ ಅರ್ಜುನ ತಿಳಿಸಿ ಹೇಳುತ್ತಾನೆ. ಉತ್ತರ ಹತ್ತುತ್ತಾನೆ, ಬಿಚ್ಚುತ್ತಾನೆ, ಕಣ್ಣಾರೆ ನೋಡುತ್ತಾನೆ. ಆಮೇಲೆ ಕೈಗೆ ಲಗಾಮು. ಓಡಿಹೋದ ಅದೇ ರಣರಂಗಕ್ಕೆ ಅದೇ ದಿನ ವಾಪಸ್ ಬರುತ್ತಾನೆ. ಆದರೆ ಈಗ ಅವನಿಗೊಂದು ಕೆಲಸ ಇದೆ, ಪಕ್ಕದಲ್ಲಿ ಹೆದರದ ಒಬ್ಬ ಇದ್ದಾನೆ. ಗೆದ್ದದ್ದು ಅರ್ಜುನ, ಓಡದೆ ನಿಂತದ್ದು ಉತ್ತರ. ನಿಮಗೆ ಬೇಕಾದದ್ದು ಅಷ್ಟೇ.

ನಮ್ಮ ಶಾಸ್ತ್ರದಲ್ಲಿ ಇದರ ಹಳೆಯ ಉದಾಹರಣೆ 1924ರದು. ಮೇರಿ ಕವರ್ ಜೋನ್ಸ್ ಎಂಬ ಮನಶ್ಶಾಸ್ತ್ರಜ್ಞೆ ಮೊಲಕ್ಕೆ ಹೆದರುವ ಮೂರು ವರ್ಷದ ಹುಡುಗನಿಗೆ ತಿಂಡಿ ಕೊಡುತ್ತಾ, ಮೊಲದ ಪಂಜರವನ್ನು ದಿನ ದಿನ ಸ್ವಲ್ಪ ಸ್ವಲ್ಪ ಹತ್ತಿರ ತಂದಳು. ಕೊನೆಗೆ ಮೊಲ ಅವನ ಬೆರಳು ಮೆಲ್ಲಗೆ ಕಚ್ಚಿದರೂ ಹುಡುಗ ಆಡುತ್ತಾ ಕೂತ. ಹೆಚ್ಚೂಕಡಿಮೆ ಇದನ್ನೇ ನಾವು ಇವತ್ತಿಗೂ ಮಾಡುತ್ತೇವೆ.

ಭಯ ಎಷ್ಟು ಅಂತ ಪುಸ್ತಕದಲ್ಲಿ ಹತ್ತಕ್ಕೆ ಅಂಕ ಕೇಳುತ್ತಾರೆ. ಕಲಬುರಗಿಯ ನನ್ನ ಕೋಣೆಗೆ ಬರುವ ಹಳ್ಳಿಯ ಹಿರಿಯರಿಗೆ ಅದು ಹಿಡಿಸುವುದಿಲ್ಲ. 'ಎಷ್ಟಾಣೆ ಅಂಜಿಕಿ?' ಅಂದರೆ ಥಟ್ಟನೆ 'ಹನ್ನೆರಡಾಣೆ, ಸಾಹೇಬ್ರ' ಅನ್ನುತ್ತಾರೆ. ನೀವು ಗಣಿತದವರು, ಆಣೆಯಲ್ಲೇ ಲೆಕ್ಕ ಇಡಿ. ಬಾವಲಿ ಅಂತ ಹಾಳೆಯ ಮೇಲೆ ಬರೆದು ಅದನ್ನೇ ನೋಡುತ್ತಾ ಕೂರುವುದು ಎರಡಾಣೆ ಇರಬಹುದು. ಕೈಯಲ್ಲಿ ಬಿಡಿಸಿದ ಚಿತ್ರ ನಾಲ್ಕಾಣೆ. ಫೋಟೊ ಆರು, ಶಬ್ದ ಇಲ್ಲದ ವಿಡಿಯೊ ಎಂಟು, ಶಬ್ದದ ಜೊತೆ ಒಂಬತ್ತು. ಆಮೇಲೆ ಸಂಜೆಯ ಮಾಳಿಗೆ. ಆಮೇಲೆ ಬರೀದ್ ಶಾಹಿ ಉದ್ಯಾನದಲ್ಲಿ ಮುಸ್ಸಂಜೆಗೆ ಬೆಂಚಿನ ಮೇಲೆ ಕೂತು ಆಕಾಶ ನೋಡುವುದು. ಹಳೆಯ ಗುಮ್ಮಟಗಳ ಊರಲ್ಲಿ ಬಾವಲಿಗೆ ಬರ ಇಲ್ಲ. ಹದಿನಾಲ್ಕಾಣೆಗೆ ಗುಹೆಯ ಬಾಗಿಲು, ಒಳಗೆ ಹೋಗುವ ಒತ್ತಾಯ ಇಲ್ಲದೆ. ಹದಿನಾರಾಣೆಗೆ ಸುರಂಗ, ಅದೂ ಜನ ಕಡಿಮೆ ಇರುವ ದಿನ. ಈ ದರ ನನ್ನದು. ನಿಮ್ಮದು ಬೇರೆ ಇರುತ್ತದೆ, ನೀವೇ ಹಾಕಿ.

ನಿಯಮ ಜಾಸ್ತಿ ಇಲ್ಲ. ಒಂದು ಮೆಟ್ಟಿಲಲ್ಲಿ ಶುರುವಿಗೆ ಎಂಟಾಣೆ ಅಂಜಿಕೆ ಇದ್ದರೆ ಅದು ನಾಲ್ಕಕ್ಕೆ ಇಳಿಯುವವರೆಗೆ ಏಳಬೇಡಿ. ಇಪ್ಪತ್ತು ನಿಮಿಷವೋ ಮುಕ್ಕಾಲು ಗಂಟೆಯೋ, ಗಡಿಯಾರ ನೋಡಬೇಡಿ. ಇಳಿದೇ ಇಳಿಯುತ್ತದೆ, ಮೈಗೆ ಅಷ್ಟೊತ್ತು ಒಂದೇ ಸಮ ಗಾಬರಿ ಉಳಿಸಿಕೊಳ್ಳುವ ಶಕ್ತಿ ಇಲ್ಲ. ಮರುದಿನ ಅದೇ ಮೆಟ್ಟಿಲು ಮತ್ತೆ. ಬೇಸರ ಬರುವವರೆಗೆ ಮಾಡಿ. ಬೇಸರ ಬಂದರೆ ಭಯ ಹೋಗಿದೆ ಅಂತ ಅರ್ಥ. ಸೆರಗು ತಲೆಗೆ ಹೊದ್ದುಕೊಳ್ಳುವುದು, ಫೋಟೊದ ಮೇಲೆ ಬೆರಳಿಟ್ಟು ಅರ್ಧ ನೋಡುವುದು, ಇವೆಲ್ಲ ಹಿರಣ್ಯಕಶಿಪುವಿನ ಚಿಲಕಗಳು. ಒಂದೊಂದೇ ತೆಗೆಯಿರಿ.

ನುರಿತವರ ಜೊತೆಯಲ್ಲಿ ಇದು ಇನ್ನೂ ಬೇಗ ಆಗುತ್ತದೆ. ಒಂದೇ ಪ್ರಾಣಿಯ ಭಯವನ್ನು ಹೆಚ್ಚೆಂದರೆ ಮೂರು ಗಂಟೆಯ ಒಂದೇ ಕೂರಿಕೆಯಲ್ಲಿ ಇಳಿಸುವ ಕ್ರಮವನ್ನು ಸ್ವೀಡನ್ನಿನ ಲಾರ್ಸ್ ಗೋರನ್ ಓಸ್ಟ್ 1989ರಲ್ಲಿ ವಿವರಿಸಿದರು. ಬೀದರ್ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗಕ್ಕೆ ಹೋಗಿ ಕೇಳಿ. ಮೊದಲು ಫೋನಿನಲ್ಲಿ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಟೆಲಿ ಮನಸ್ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಯಾರೋ ಕೊಟ್ಟ ನಿದ್ದೆ ಮಾತ್ರೆ, ಗಾಬರಿ ಮಾತ್ರೆ ನುಂಗಿ ಮಾತ್ರ ಸುರಂಗಕ್ಕೆ ಇಳಿಯಬೇಡಿ. ಮಂಪರಿನಲ್ಲಿ ನೀರು ಅಪಾಯ. ಮೇಲಾಗಿ ಮಂಪರಿನಲ್ಲಿ ಕಲಿತದ್ದು ಮೈಗೆ ಹತ್ತುವುದಿಲ್ಲ.

ಬಾವಲಿಯ ಬಗ್ಗೆ ಎರಡು ಮಾತು. ಅದಕ್ಕೆ ಕಣ್ಣು ಕಾಣುತ್ತದೆ. ಗುಹೆಯ ಸಣ್ಣ ಬಾವಲಿಗಳು ತಮ್ಮ ಕೂಗಿನ ಮಾರ್ದನಿ ಕೇಳಿ ಕತ್ತಲಲ್ಲೂ ದಾರಿ ಹಿಡಿಯುತ್ತವೆ. ಸೊಳ್ಳೆಯಷ್ಟು ಸಣ್ಣದನ್ನು ಹಿಡಿಯಬಲ್ಲ ಪ್ರಾಣಿಗೆ ನಿಮ್ಮ ಜಡೆ ಗೋಡೆಯಷ್ಟು ದೊಡ್ಡದಾಗಿ ಗೊತ್ತಾಗುತ್ತದೆ. ರಾತ್ರಿ ಹಾರುವ ಪತಂಗಗಳು ಅವುಗಳ ಊಟ. ನಮ್ಮ ತೊಗರಿ ಹೊಲದ ಕಾಯಿಕೊರಕ ಹುಳು ಕೂಡ ಅಂಥ ಒಂದು ಪತಂಗದ ಮರಿಯೇ. ಇದನ್ನೆಲ್ಲ ಓದಿದ ಮಾತ್ರಕ್ಕೆ ಭಯ ಹೋಗುವುದಿಲ್ಲ, ನನಗೆ ಗೊತ್ತು. ನಿಮಗೂ ಇದರಲ್ಲಿ ಅರ್ಧ ಮೊದಲೇ ಗೊತ್ತಿತ್ತು. ಭಯ ಹೋದ ಮೇಲೂ ಇರಬೇಕಾದ ಎಚ್ಚರ ಬೇರೆ: ಬಾವಲಿಯನ್ನು ಕೈಯಿಂದ ಮುಟ್ಟಬಾರದು. ಕಚ್ಚಿದರೆ, ಪರಚಿದರೆ ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಬೇಕು. ಅದು ಕಚ್ಚಿಬಿಟ್ಟ ಹಣ್ಣು ತಿನ್ನಬಾರದು. ಇಷ್ಟು ಎಲ್ಲರಿಗೂ ಬೇಕು.

ಇನ್ನು ಹರಕೆ. ಅತ್ತೆಯವರು ಹೊತ್ತದ್ದು ಮೊಮ್ಮಗನ ದರ್ಶನದ ಹರಕೆ. ಈ ಸಲ ಅವನು ಅಪ್ಪನ ಹೆಗಲ ಮೇಲೆ ಹೋಗಿಬರಲಿ. ನೀವು ಬಾಗಿಲಲ್ಲಿ ನಿಂತಿರಿ, ಓಡದೆ. ಅದು ನಿಮ್ಮ ಹದಿನಾಲ್ಕಾಣೆ. ಅತ್ತೆಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಅಲ್ಲಿ ನಿಂತು ವಾದ ಮಾಡುವುದೇ ಆಗುತ್ತದೆ.

ಅಣ್ಣನ ಮಗನನ್ನೂ ಕೆಲಸಕ್ಕೆ ಹಚ್ಚಿ. ನಾಲ್ಕಾಣೆಯ ಮೆಟ್ಟಿಲಿಗೆ ನಿಮಗೊಂದು ಬಾವಲಿಯ ಚಿತ್ರ ಬೇಕಲ್ಲ, ಅವನೇ ಬಿಡಿಸಿ ಕೊಡಲಿ. ಹಿಂದೆ ಕಪ್ಪು ಕೋಟು, ಎದೆಯ ಮೇಲೆ ಗುರುತು ಹಾಕಿ ತಂದರೆ ವಾಪಸ್ ಕಳಿಸಿ. ಬರೀ ಬಾವಲಿ ಸಾಕು ಅನ್ನಿ.